ಇನ್ನೂರು ಅಡಿ ಫಿಲ್ಮು

ಹೊರಗೆ ಚಿಲಕ ಬಿದ್ದದ್ದು ಯಲಗೂರಪ್ಪನ ಕಿವಿಗೆ ಕೇಳಲಿಲ್ಲ, ಬೆನ್ನಿಗೆ ತಾಗಿತು. ಲಾರಿಯ ಬಾಗಿಲಿಗೆ ಬೆನ್ನು ಹಚ್ಚಿ ಕೂತು ಅವನು ಯಂತ್ರದ ಬಲ್ಬುಗಳನ್ನು ಒಂದೊಂದೇ ಬಿಚ್ಚಿ ಒರೆಸುತ್ತಿದ್ದ. ತಗಡು ಸಣ್ಣಗೆ ಅದುರಿತು, ಅಷ್ಟೇ.

ಪೆಟ್ರೋಲ್ ತರಲು ವಿಜಾಪುರಕ್ಕೆ ಹೋದ ಡ್ರೈವರ್ ಜಿಲಾನಿ ತಿರುಗಿ ಬಂದಿರಬೇಕು ಎಂದುಕೊಂಡು ಬಾಗಿಲು ದೂಡಿದ. ಅಲುಗಲಿಲ್ಲ. ಭುಜ ಕೊಟ್ಟು ದೂಡಿದ. ಹೊರಗಿನ ಕೊಂಡಿಗೆ ಕೀಲಿ ಬಿದ್ದಿದೆ ಎಂಬುದು ಆಗ ಗೊತ್ತಾಯಿತು. ಕೆಂಪು ದಾರ ಕಟ್ಟಿದ ಕೀಲಿಕೈಯನ್ನು ಅವನೇ ಮುಂಜಾನೆ ಆ ಕೀಲಿಯಲ್ಲೇ ಬಿಟ್ಟು ಒಳಗೆ ಬಂದಿದ್ದ.

ಎಂಟು ದಿನದ ಹಿಂದೆ ಇದೇ ಹಾಳು ಸರಾಯಿಯ, ಹಳೆಯ ದಾರಿಹೋಕರ ಛತ್ರದ, ಭಾವಿಯಲ್ಲಿ ಜಿಲಾನಿಯ ತಂಗಿ ಶಹಜಾದಿಯ ಹೆಣ ಸಿಕ್ಕಿತ್ತು. ನೀರು ಸೇದಲು ಹೋಗಿ ಕಾಲು ಜಾರಿತೆಂದು ಪಂಚನಾಮೆ ಬರೆದು ಮುಗಿಸಿದ್ದರು. ಕಾಲು ಜಾರಿರಲಿಲ್ಲ ಎಂದು ಬಲ್ಲವರಲ್ಲಿ ಯಲಗೂರಪ್ಪ ಒಬ್ಬ. ಹಾಗೆ ಬಲ್ಲ ಇನ್ನೊಬ್ಬರು ಈಗ ಹೊರಗೆ ನಿಂತಿದ್ದರು.

ಕೊಲ್ಹಾಪುರದ ಸಿನಿಮಾ ಕಂಪನಿಯ ಸದ್ದಿನ ಲಾರಿ ಅದು. ಶೂಟಿಂಗ್ ನಡೆಯುವಲ್ಲಿ ಮೈಕು ನಿಲ್ಲಿಸಿ, ಅಲ್ಲಿಂದ ತಂತಿ ಎಳೆದು, ಲಾರಿಯೊಳಗಿನ ಯಂತ್ರಕ್ಕೆ ಕೂಡಿಸುತ್ತಿದ್ದರು. ಯಂತ್ರ ಆ ದನಿಯನ್ನು ಬೆಳಕು ಮಾಡಿ ಫಿಲ್ಮಿನ ಮೇಲೆ ಗೆರೆ ಬರೆಯುತ್ತಿತ್ತು. ಹೊರಗಿನ ಗದ್ದಲ ಒಳಗೆ ಬರಬಾರದೆಂದು ಒಳಗೋಡೆಗೆ ಮೂರು ಪದರ ಕಂಬಳಿ ಹೊಡೆಸಿದವನು ಯಲಗೂರಪ್ಪನೇ. ಹೊನವಾಡದಲ್ಲಿ ಅವನ ಅವ್ವ ರಾಚವ್ವ ಮತ್ತು ಓಣಿಯ ಹೆಂಗಸರು ನೂತ ಉಣ್ಣೆಯ ಕಂಬಳಿ. ಒಳಗೆ ಬಂದೂಕು ಹಾರಿಸಿದರೂ ಹೊರಗಿನ ಗುಬ್ಬಿ ಎದ್ದು ಹೋಗುವುದಿಲ್ಲ ಎಂದು ಅವನು ಕಂಪನಿಯ ತುಂಬ ಹೇಳಿಕೊಂಡು ತಿರುಗಿದ್ದ.

ನಟ್ಟು ತಿರುವುವ ಪಾನಾ ಹಿಡಿದು ಗೋಡೆಗೆ ಹೊಡೆದ. ಹಾಸಿಗೆಗೆ ಗುದ್ದಿದ ಹಾಗೆ ಸದ್ದಾಯಿತು. ಬಾಯಿ ಬಿಟ್ಟು ಒದರಿದ. ಅವನ ದನಿ ಅವನ ಮುಖದ ಮುಂದೆಯೇ ಸತ್ತುಹೋಯಿತು.

ಏಪ್ರಿಲ್ ತಿಂಗಳ ಮಧ್ಯಾಹ್ನ. ಸಾವಿರದ ಒಂಬೈನೂರ ನಲವತ್ತನಾಲ್ಕರ ಆ ಬೇಸಿಗೆಯಲ್ಲಿ ಟಿಕೋಟಾದ ಸುತ್ತ ನೆಲ ಹೆಂಚಿನಂತೆ ಕಾದಿತ್ತು. ಊರು ಅರ್ಧ ಮೈಲು ದೂರ. ಕಂಪನಿಯವರೆಲ್ಲ ಕ್ಯಾಮೆರಾ ಹೊತ್ತುಕೊಂಡು ನಸುಕಿನಲ್ಲೇ ಬಬಲೇಶ್ವರದ ವಾಡೆಗೆ ಹೋಗಿದ್ದರು. ಅಲ್ಲಿ ಮಾತಿಲ್ಲದ ನೋಟಗಳಷ್ಟೇ ಇದ್ದುದರಿಂದ ಸದ್ದಿನ ಲಾರಿ ಬೇಕಿರಲಿಲ್ಲ. ಜಿಲಾನಿ ಬರಬೇಕಾದದ್ದು ಇದ್ದಿಲಿನ ಗ್ಯಾಸಿನ ಮೇಲೆ ಓಡುವ ಸರ್ವೀಸ್ ಬಸ್ಸಿನಲ್ಲಿ. ಅದು ಏರು ಬಂದಲ್ಲಿ ನಿಂತು ದಮ್ಮು ತೆಗೆದುಕೊಳ್ಳುವ ಗಾಡಿ. ಮೂರಕ್ಕೆ ಬಂದರೂ ಬಂತು, ಐದಕ್ಕೆ ಬಂದರೂ ಬಂತು.

ಲಾರಿಯ ತಳದ ಹತ್ತಿರ ತಂತಿ ಹೊರಗೆ ಹೋಗಲು ಮುಷ್ಟಿ ಗಾತ್ರದ ಒಂದು ತೂತಿತ್ತು. ಅದಕ್ಕೆ ಬಾಯಿ ಹಚ್ಚಿ ಕೂಗಿದ. ಕೂಗು ಲಾರಿಯ ಹೊಟ್ಟೆಯ ಕೆಳಗಿನ ಮಣ್ಣಿಗೆ ಬಡಿಯಿತು. ಅಲ್ಲಿಂದ ಬಂದ ಬಿಸಿಗಾಳಿ ಮುಖ ಸುಟ್ಟಿತು.

ಬೆಂಕಿಯ ಹೆದರಿಕೆ ಅವನಿಗೆ ಆಮೇಲೆ ಬಂತು. ಸಿನಿಮಾ ಫಿಲ್ಮು ಸೀಮೆಎಣ್ಣೆಯ ಅಣ್ಣ. ಅದಕ್ಕೇ ಲಾರಿಯೊಳಗೆ ಯಾರಿಗೂ ಬೀಡಿ ಸೇದಲು ಬಿಡುತ್ತಿರಲಿಲ್ಲ. ಹೀಗೆ ಕಾದ ತಗಡಿನೊಳಗೆ ಒಂದು ಕಿಡಿ ಹಾರಿದರೆ ಸಾಕು. ಮಾಡಿನ ಸಣ್ಣ ಫ್ಯಾನು ಬ್ಯಾಟರಿಯ ಮೇಲೆ ತಿರುಗುತ್ತಿತ್ತು. ಅದೇ ಅವನ ಉಸಿರು.

ಕೂಗುವುದನ್ನು ಬಿಟ್ಟ. ಕೂಗಿ ಬದುಕುವ ಕಸುಬು ಅವನದಲ್ಲ. ಕೇಳಿ ಬದುಕುವ ಕಸುಬು. ಕುರಿ ಕಾಯುತ್ತಿದ್ದ ಅಪ್ಪ ಅಮೋಘಿ ಹಿಂಡು ಎಣಿಸುತ್ತಿದ್ದದ್ದೂ ಕಿವಿಯಿಂದಲೇ. ಕಣ್ಣು ಮುಚ್ಚಿ ಕೂತು ಯಾವ ಕುರಿಯ ಗಂಟೆ ಬರಲಿಲ್ಲ ಎಂದು ಹೇಳುತ್ತಿದ್ದ. ಆ ಕಿವಿಯನ್ನೇ ಮಗ ಕೊಲ್ಹಾಪುರಕ್ಕೆ ಒಯ್ದು, ಹದಿನಾರನೆಯ ವಯಸ್ಸಿಗೆ ತಂತಿ ಸುತ್ತುವ ಆಳಾಗಿ ಸೇರಿ, ಹದಿನಾಲ್ಕು ವರ್ಷದಲ್ಲಿ ಯಂತ್ರದ ಮುಂದಿನ ಕುರ್ಚಿಗೆ ಬಂದಿದ್ದ.

ಬಲ್ಬುಗಳನ್ನು ತಿರುಗಿ ಕೂಡಿಸಿ, ಕಿವಿಗೆ ಹೆಡ್‌ಫೋನು ಏರಿಸಿ, ಯಂತ್ರ ಹಚ್ಚಿದ. ಮುಂಜಾನೆ ತಂತಿ ಪರೀಕ್ಷೆಗೆಂದು ಮೈಕನ್ನು ಐವತ್ತು ಹೆಜ್ಜೆ ಆಚೆ, ಸರಾಯಿಯ ಕಮಾನಿನ ನೆರಳಲ್ಲಿ, ಭಾವಿಯ ಪಕ್ಕದಲ್ಲೇ ನಿಲ್ಲಿಸಿ ಬಂದಿದ್ದ.

ಬಲ್ಬು ಬಿಸಿಯಾಗಲು ಒಂದು ನಿಮಿಷ ಹಿಡಿಯಿತು. ಆಮೇಲೆ ಹೊರಗಿನ ಲೋಕ ಅವನ ಕಿವಿಗೆ ಬಂತು. ಒಣಹುಲ್ಲಿನ ಮೇಲೆ ಗಾಳಿ. ಭಾವಿಯ ಪೊಟರೆಯಲ್ಲಿ ಪಾರಿವಾಳ ಗುಟರ್‌ಗುಟ್ಟುವ ಸದ್ದು. ದೂರದಲ್ಲೊಂದು ಹದ್ದು.

ಅದರ ನಡುವೆ ಕಲ್ಲಿನ ಮೇಲೆ ಯಾರೋ ನಡೆದು ಬರುತ್ತಿದ್ದರು. ಕಿರ್. ಟಪ್. ಕಿರ್. ಟಪ್.

ಯಲಗೂರಪ್ಪ ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿಕೊಂಡ.

ಆ ನಡಿಗೆ ಅವನು ಮೊದಲೇ ಕೇಳಿದ್ದ. ಶಹಜಾದಿ ಸತ್ತ ದಿನ ಇಲ್ಲೇ ಹಾಡಿನ ಶೂಟಿಂಗ್ ಇತ್ತು. ಹಾಡು ಮುಗಿದು ಕ್ಯಾಮೆರಾದವರೆಲ್ಲ ಊರಿಗೆ ಹೋದ ಮೇಲೆ ಯಲಗೂರಪ್ಪ ತನ್ನ ರೂಢಿಯಂತೆ ಉಳಿದ ಫಿಲ್ಮಿಗೆ ಯಂತ್ರ ಮತ್ತೆ ಹಚ್ಚಿದ್ದ. ಜಾಗದ ಖಾಲಿ ಸದ್ದು ಸ್ವಲ್ಪ ಇರಲಿ, ಆಮೇಲೆ ಜೋಡಿಸಲು ಬೇಕಾಗುತ್ತದೆ ಎಂದು ಬಿಟ್ಟಿದ್ದ. ಹೆಡ್‌ಫೋನು ತೆಗೆದಿಟ್ಟು, ಬಿಸಿಲಿಗೆ ಬಾಗಿಲು ಮುಚ್ಚಿ, ಆ ದಿನದ ವರದಿ ಬರೆಯುತ್ತ ಕೂತಿದ್ದ. ಹನ್ನೆರಡು ಸೆಕೆಂಡು ಓಡಿ ಫಿಲ್ಮು ತಾನಾಗಿಯೇ ಮುಗಿದಿತ್ತು.

ತೊಳೆದು ಛಾಪಿಸಿದ ರೀಲು ಕೊಲ್ಹಾಪುರದಿಂದ ಬಂದದ್ದು ನಿನ್ನೆ. ವಿಜಾಪುರದ ಒಂದು ಟಾಕೀಜಿನಲ್ಲಿ, ಮುಂಜಾನೆ ಯಾರೂ ಇಲ್ಲದಾಗ, ಅದನ್ನು ಯಂತ್ರಕ್ಕೆ ಹಾಕಿಸಿ ಮೂರು ಸಲ ಕೇಳಿದ್ದ. ಕಿರ್, ಟಪ್, ಕಿರ್, ಟಪ್ ಎಂಬ ಚಪ್ಪಲಿ. ತಿಳಿಯದ ಹಾಗೆ ಎರಡು ಪಿಸುಮಾತು. ಗಾಜಿನ ಬಳೆ ಒಡೆದ ಸದ್ದು. ಪಾರಿವಾಳಗಳೆಲ್ಲ ಒಮ್ಮೆಗೇ ಭಾವಿಯಿಂದ ಎದ್ದು ಹಾರಿದ ಸದ್ದು. ಮುಂದೆ ಏನೂ ಇಲ್ಲ.

ಕೊಲ್ಹಾಪುರಿ ಚಪ್ಪಲಿಯ ತೊಗಲಿನ ಪದರದ ನಡುವೆ ಬೀಜ ಇಟ್ಟು ಹೊಲಿದರೆ ಅದು ನಡೆದಾಗ ಕಿರ್‌ಗುಡುತ್ತದೆ. ಶೋಕಿಯ ಗಂಡಸರು ಹಾಗೆ ಮಾಡಿಸುತ್ತಾರೆ. ಈ ಜೋಡಿನಲ್ಲಿ ಎಡಗಾಲಿನ ಬೀಜ ಪುಡಿಯಾಗಿತ್ತು, ಬಲಗಾಲಷ್ಟೇ ಮಾತಾಡುತ್ತಿತ್ತು.

ಅಂಥ ಜೋಡು ಕಂಪನಿಯಲ್ಲಿ ಒಬ್ಬರದೇ. ಡೈರೆಕ್ಟರ್ ಬಸಲಿಂಗಯ್ಯ ಮಾಸ್ತರರದು.

ಹೆಜ್ಜೆ ಮೈಕಿನ ಹತ್ತಿರ ನಿಂತಿತು. ಯಾರೋ ಕಲ್ಲಿನ ಮೇಲೆ ಕೂತರು, ಗಂಟಲು ಸರಿಮಾಡಿಕೊಂಡರು. ಇಪ್ಪತ್ತು ವರ್ಷ ನಾಟಕ ಕಂಪನಿಯಲ್ಲಿ ರಾಜನ ಪಾರ್ಟು ಮಾಡಿದ ಆ ದನಿ, ನೇರವಾಗಿ ಅವನ ಎರಡೂ ಕಿವಿಯೊಳಗೆ ಇಳಿಯಿತು.

"ಯಲಗೂರಾ, ಕೇಳಾಕತ್ತೀಯಲ್ಲ ತಮ್ಮಾ? ಕೇಳಿದ್ರ ಒಂದ್ ಸಲ ಗಂಟಿ ಬಾರಿಸು."

ಲಾರಿಯೊಳಗಿಂದ ಹೊರಗಿನವರಿಗೆ ಸನ್ನೆ ಮಾಡಲು ಒಂದು ವಿದ್ಯುತ್ ಗಂಟೆ ಇತ್ತು. ಅದನ್ನೂ ಮೈಕಿನ ಪಕ್ಕದಲ್ಲೇ ತೂಗುಹಾಕುತ್ತಿದ್ದರು. ಒಂದು ಗಂಟೆ ಅಂದರೆ ಹೂಂ, ಎರಡು ಅಂದರೆ ಬ್ಯಾಡ. ಯಲಗೂರಪ್ಪನಿಗೆ ಉಳಿದ ಮಾತು ಎಂದರೆ ಅವೆರಡೇ.

ಒಂದು ಸಲ ಒತ್ತಿದ.

ಮಾಸ್ತರರು ಸಮಾಧಾನದಿಂದ ಮಾತು ಶುರು ಮಾಡಿದರು. ತಾವು ಬಬಲೇಶ್ವರದಿಂದ ತಲೆನೋವೆಂದು ಹೇಳಿ ಬಂದಿರುವುದಾಗಿ ಹೇಳಿದರು. ನಿನ್ನ ಹತ್ತಿರ ಒಂದು ಸಣ್ಣ ರೀಲು ಇದೆಯಂತೆ, ಅದನ್ನು ತಂತಿಯ ತೂತಿನಿಂದ ಹೊರಗೆ ದೂಡು, ಆಮೇಲೆ ಬಾಗಿಲು ತೆಗೆಸುತ್ತೇನೆ ಎಂದರು. ಕೊಲ್ಹಾಪುರದಲ್ಲಿರುವ ಅದರ ನೆಗೆಟಿವ್ ತುಂಡನ್ನು ಸುಡಲು ಮುಂಜಾನೆಯೇ ಟೆಲಿಗ್ರಾಮು ಕಳಿಸಿ ಆಗಿತ್ತು. ಡೈರೆಕ್ಟರ್ ಬ್ಯಾಡವೆಂದ ತುಂಡನ್ನು ಲ್ಯಾಬಿನವರು ಇಟ್ಟುಕೊಳ್ಳುವುದಿಲ್ಲ.

"ಬರೇ ಹನ್ನೆರಡು ಸೆಕೆಂಡಿಂದು. ಅದಕ್ಯಾಕ ಜೀವಾ ಕೊಡ್ತಿ?"

ಹನ್ನೆರಡು ಸೆಕೆಂಡು. ಆ ಲೆಕ್ಕವನ್ನು ಯಲಗೂರಪ್ಪ ಜಗತ್ತಿನಲ್ಲಿ ಒಬ್ಬರಿಗೇ ಹೇಳಿದ್ದ. ನಿನ್ನೆ ಸಂಜಿ ಟಿಕೋಟಾದ ಪೊಲೀಸ್ ಠಾಣೆಯಲ್ಲಿ ಫೌಜದಾರ ಬಸಗೊಂಡಪ್ಪನ ಎದುರು ಕೂತು ಎಲ್ಲವನ್ನೂ ಬಿಡಿಸಿ ಹೇಳಿದ್ದ. ಫೌಜದಾರ ಚಹಾ ತರಿಸಿಕೊಟ್ಟಿದ್ದ, ನಡುನಡುವೆ ತಲೆಯಾಡಿಸಿದ್ದ. ಒಂದಕ್ಷರ ಬರೆದುಕೊಂಡಿರಲಿಲ್ಲ. ಅದು ಈಗ ನೆನಪಾಯಿತು.

ಅಂದಮೇಲೆ ಬಾಗಿಲು ತೆರೆದರೂ ಹೋಗುವುದೆಲ್ಲಿಗೆ?

ಅವನು ಎರಡು ಸಲ ಗಂಟೆ ಒತ್ತಿದ. ಹಾಗೆ ಒತ್ತುತ್ತಲೇ ಕಾಲಿನಿಂದ ಬೆಂಚಿನ ಕೆಳಗಿನ ಡಬ್ಬಿ ಎಳೆದುಕೊಂಡ.

ಯುದ್ಧದ ದಿನಗಳಲ್ಲಿ ಕಚ್ಚಾ ಫಿಲ್ಮು ಬಂಗಾರಕ್ಕಿಂತ ದುರ್ಲಭವಾಗಿತ್ತು. ಇದ್ದ ಡಬ್ಬಿಗಳನ್ನೆಲ್ಲ ಮಾಸ್ತರರು ಬಬಲೇಶ್ವರದ ವಾಡೆಯಲ್ಲಿ ತಮ್ಮ ಪೆಟ್ಟಿಗೆಯಲ್ಲಿಟ್ಟು ಕೀಲಿ ಹಾಕಿದ್ದರು. ಲಾರಿಯೊಳಗೆ ಒಂದು ಅಡಿಯೂ ಇಲ್ಲವೆಂಬ ಧೈರ್ಯದ ಮೇಲೆಯೇ ಅವರು ಮೈಕಿನ ಮುಂದೆ ಹೀಗೆ ಬಾಯಿ ಬಿಟ್ಟಿದ್ದು. ಆದರೆ ಯಲಗೂರಪ್ಪ ರೀಲಿನ ಕೊನೆಗೆ ಉಳಿದ ತುಂಡುಗಳನ್ನು ಎಸೆಯುವವನಲ್ಲ. ಒಂದು ತುಂಡು ಇನ್ನೂರು ಅಡಿಯದಿತ್ತು.

ನಿಮಿಷಕ್ಕೆ ತೊಂಬತ್ತು ಅಡಿ ಓಡುತ್ತದೆ. ಇನ್ನೂರು ಅಡಿ ಅಂದರೆ ಎರಡು ನಿಮಿಷ, ಮೇಲೆ ತುಸು.

ಬೆಳಕು ತಾಗಿದರೆ ಕಚ್ಚಾ ಫಿಲ್ಮು ಸತ್ತಂತೆ. ದೀಪ ಆರಿಸಿ, ತಂತಿಯ ತೂತಿಗೆ ತನ್ನ ರುಮಾಲು ತುರುಕಿ, ಕತ್ತಲಲ್ಲಿ ಬೆರಳಿನ ಗುರುತಿನ ಮೇಲೆ ಫಿಲ್ಮನ್ನು ಪೆಟ್ಟಿಗೆಗೆ ಏರಿಸಿ, ಮುಚ್ಚಳ ಬಿಗಿದು, ದೀಪ ಹಚ್ಚಿದ. ಬ್ಯಾಟರಿ ಫಿಲ್ಮಿನ ಮೋಟಾರು, ಫ್ಯಾನು ಎರಡನ್ನೂ ಎಳೆಯುವಷ್ಟು ಗಟ್ಟಿ ಇರಲಿಲ್ಲ. ಮೋಟಾರು ಹಚ್ಚಬೇಕಾದರೆ ಫ್ಯಾನು ನಿಲ್ಲಬೇಕು. ಫ್ಯಾನು ನಿಲ್ಲಿಸಿದ. ಒಂದೆರಡು ಕ್ಷಣದಲ್ಲೇ ಗಾಳಿ ಹಿಟ್ಟಿನಂತೆ ದಪ್ಪವಾಯಿತು.

ಮೋಟಾರಿನ ಗುಂಡಿಯ ಮೇಲೆ ಬೆರಳಿಟ್ಟು ಸುಮ್ಮನೆ ಕೂತ.

ಅವನಿಗೆ ಪ್ರಶ್ನೆ ಕೇಳಲು ಬಾಯಿ ಇರಲಿಲ್ಲ. ಆದರೆ ಮಾಸ್ತರರ ಒಂದು ಸ್ವಭಾವ ಗೊತ್ತಿತ್ತು. ನಾಟಕದವರು ಬೈಗುಳ ತಡೆದಾರು, ಕಲ್ಲು ತಡೆದಾರು, ಎದುರಿಗೆ ಕೂತವರ ಮೌನ ತಡೆಯುವುದಿಲ್ಲ. ಅವರು ಮತ್ತೆ ಕೇಳಿದರು. ಇವನು ಗಂಟೆ ಬಾರಿಸಲಿಲ್ಲ. ಮೂರನೆಯ ಸಲ ಕೇಳಿದರು. ಬಾರಿಸಲಿಲ್ಲ. ಚಪ್ಪಲಿ ಎರಡು ಹೆಜ್ಜೆ ಆಚೆ ಹೋಗಿ ಈಚೆ ಬಂತು.

ಆಮೇಲೆ ಮಾಸ್ತರರು ತಾವಾಗಿಯೇ ಮಾತಿಗಿಳಿದರು. ಪಾಪದ ಗಂಟು ತಮ್ಮೊಬ್ಬರದಲ್ಲ ಎಂದರು. ಅದು ಸುಳ್ಳಲ್ಲ. ಕಂಪನಿಯ ನಾಯಕಿ ಕಾಶಿಬಾಯಿಗೆ ಮುಖವಿತ್ತು, ದನಿ ಇರಲಿಲ್ಲ. ವಿಜಾಪುರದ ಶಹಜಾದಿಗೆ ಆ ದನಿ ಇತ್ತು. ಹಾಡು ಮೊದಲೇ ತುಂಬಿ ಚಿತ್ರ ಆಮೇಲೆ ತೆಗೆಯುವಷ್ಟು ಫಿಲ್ಮು ಇರಲಿಲ್ಲವಾದ್ದರಿಂದ ಕಾಶಿಬಾಯಿ ಕ್ಯಾಮೆರಾದ ಮುಂದೆ ತುಟಿ ಆಡಿಸುತ್ತಿದ್ದಳು, ಶಹಜಾದಿ ಗೋಡೆಯ ಮರೆಯಲ್ಲಿ ಮೈಕಿನ ಮುಂದೆ ನಿಂತು ಹಾಡುತ್ತಿದ್ದಳು. ಮೂರು ವರ್ಷ ಹಾಗೆ ನಡೆಯಿತು. ಜನ ಕಾಶಿಬಾಯಿಯ ಕಂಠಕ್ಕೆ ಮರುಳಾದರು. ಗೋಡೆಯ ಹಿಂದಿನ ದನಿ ಯಾರದೆಂದು ಬಲ್ಲವರು ನಾಲ್ಕೇ ಮಂದಿ: ಆ ಇಬ್ಬರು ಹೆಂಗಸರು, ಮಾಸ್ತರರು, ಯಲಗೂರಪ್ಪ.

ಜಿಲಾನಿಗೂ ಗೊತ್ತಿರಲಿಲ್ಲ. ತಂಗಿ ಕಾಶಿಬಾಯಿಯ ಸೀರೆ ನೋಡಿಕೊಳ್ಳುವ ಕೆಲಸದಲ್ಲಿದ್ದಾಳೆ ಎಂದೇ ಅವನು ನಂಬಿದ್ದ. ಹಾಡಿನ ದಿನ ಅವನನ್ನು ಏನಾದರೊಂದು ನೆಪ ಹೇಳಿ ಊರಿಗೆ ಕಳಿಸುತ್ತಿದ್ದರು. ಅಣ್ಣಗ ಹೇಳಬ್ಯಾಡ್ರಿ, ಬಿಡಿಸಿಬಿಡ್ತಾನ ಎಂದು ಶಹಜಾದಿಯೇ ಕೈಮುಗಿದು ಕೇಳಿಕೊಂಡಿದ್ದಳು. ಯಲಗೂರಪ್ಪ ಆ ಮಾತು ಉಳಿಸಿಕೊಂಡಿದ್ದ. ಅವಳು ಸತ್ತ ಮೇಲೂ ಉಳಿಸಿಕೊಂಡಿದ್ದ. ಅವತ್ತು ನನ್ನ ತಂಗಿ ಭಾವಿ ಕಡೆ ಯಾಕ ಹೋಗಿದ್ಲು ಯಲಗೂರಣ್ಣಾ ಎಂದು ಜಿಲಾನಿ ಕೇಳಿದಾಗ, ನನಗ ಗೊತ್ತಿಲ್ಲಪಾ ಎಂದುಬಿಟ್ಟಿದ್ದ. ಆ ಸುಳ್ಳು ಎಂಟು ದಿನದಿಂದ ಅನ್ನದ ಜೊತೆ ಗಂಟಲಲ್ಲಿ ನಿಲ್ಲುತ್ತಿತ್ತು.

ಹೆಡ್‌ಫೋನಿನಲ್ಲಿ ಮಾಸ್ತರರು ಶಹಜಾದಿಯ ಹೆಸರು ಹಿಡಿದರು. ಯಲಗೂರಪ್ಪ ಗುಂಡಿ ಒತ್ತಿದ. ಪೆಟ್ಟಿಗೆಯೊಳಗೆ ಫಿಲ್ಮು ಓಡತೊಡಗಿತು.

"ಶುಕ್ರವಾರ ವಿಜಾಪುರದ ಟಾಕೀಜದಾಗ ಮಂದಿ ಮುಂದ ನಿಂತು ಹಾಡ್ತೇನಿ ಅಂದ್ಲು ಶಹಜಾದಿ. ಇಷ್ಟು ದಿನ ಕಾಶಿಬಾಯಿ ಅಂತ ಕೇಳಿದ್ದು ನನ್ನ ದನೀನ, ನನ್ನ ಹೆಸರು ಹಾಕ್ರಿ ಅಂತ ಹೇಳ್ತೇನಿ ಅಂದ್ಲು. ಭಾವಿ ಕಟ್ಟಿ ಮ್ಯಾಲೆ ನಿಂತಿದ್ಲು. ನಾ ಕೈ ಹಿಡದೆ. ಬ್ಯಾಡ ಮಗಳ, ಕಂಪನಿ ಮುಣಗತೈತಿ ಅಂದೆ. ಬಿಡ್ರಿ ಮಾಸ್ತರ್ ಅಂದ್ಲು. ಮತ್ತ ಬಿಡ್ರಿ ಅಂದ್ಲು."

ಮಾತು ನಿಂತಿತು. ಅಡಿ ತೋರಿಸುವ ಮುಳ್ಳು ಅರವತ್ತು ದಾಟಿತು.

"ಬಿಟ್ಟೆ. ಜಗ್ಗಿ ನಿಂತಾಕೀನ್ನ ಒಮ್ಮೆಗೇ ಬಿಟ್ಟೆ. ಏನಾಗತೈತಿ ಅನ್ನೂದು ನನಗ ಗೊತ್ತಿತ್ತು."

ನೂರು ಅಡಿ. ಬೆವರು ಹುಬ್ಬಿನಿಂದ ಕಣ್ಣಿಗಿಳಿಯಿತು. ಒರೆಸಲು ಕೈ ಎತ್ತಲಿಲ್ಲ.

"ಹಗ್ಗ ಅಲ್ಲೇ ಇತ್ತು, ಯಲಗೂರಾ. ಇಳಿಬಿಟ್ಟಿದ್ರ ಹಿಡಕೊಂಡು ಬರ್ತಿದ್ಲು. ಆಕಿ ಬಹಳ ಹೊತ್ತು ಒದರಿದ್ಲು. ನಿನ್ನ ಹೆಸರು ಹಿಡದೂ ಒದರಿದ್ಲು. ನಿನ್ನ ಲಾರಿ ಇಲ್ಲೇ ನಿಂತಿತ್ತು. ಬಾಗಲಾ ತಗದಿದ್ರ ನಿನಗ ಕೇಳತಿತ್ತು. ನಾ ಇದೇ ಕಲ್ಲಿನ ಮ್ಯಾಲೆ ಕುಂತಿದ್ದೆ. ದನಿ ನಿಂತ ಮ್ಯಾಲೆ ಎದ್ದು ಹೋದೆ."

ಯಲಗೂರಪ್ಪನ ಕೈ ಯಂತ್ರದ ಮೇಲೇ ಇತ್ತು. ಕೈ ತನ್ನ ಕೆಲಸ ತಾನು ಮಾಡಿತು. ದನಿ ಏರಿದಾಗ ಇಳಿಸಿತು, ಇಳಿದಾಗ ಏರಿಸಿತು. ಅವತ್ತು ಇದೇ ಕುರ್ಚಿಯಲ್ಲಿ ಕೂತು ಅವನು ಬರೆದದ್ದು ಅವನಿಗೆ ಅಕ್ಷರ ಅಕ್ಷರ ನೆನಪಿತ್ತು: ಹಾಡು ಚೊಕ್ಕ ಬಂದಿದೆ, ಹೊರಗಿನ ಸದ್ದು ಏನೂ ಇಲ್ಲ.

ಫಿಲ್ಮಿನ ತುದಿ ಹಲ್ಲಿನಿಂದ ಕಳಚಿ ಪಟಪಟ ಬಡಿಯಿತು. ಮೋಟಾರು ನಿಲ್ಲಿಸಿದ. ಇನ್ನೂರು ಅಡಿ ಮುಗಿದಿತ್ತು. ಮಾತೂ ಮುಗಿದಿತ್ತು.

ಆಮೇಲೆ ಅವನು ಸಣ್ಣ ರೀಲನ್ನು ಕೊಡಲು ತಡ ಮಾಡಲಿಲ್ಲ. ಹನ್ನೆರಡು ಸೆಕೆಂಡಿನ ಹೆಜ್ಜೆಗಿಂತ ದೊಡ್ಡದು ಈಗ ಅವನ ಪೆಟ್ಟಿಗೆಯಲ್ಲಿತ್ತು. ಒಂದು ಸಲ ಗಂಟೆ ಒತ್ತಿ, ರುಮಾಲು ತೆಗೆದು, ತೂತಿನಿಂದ ರೀಲನ್ನು ದೂಡಿದ. ಸ್ವಲ್ಪ ಹೊತ್ತಿಗೆ ಬೆರಳುಗಳು ಬಂದು ಅದನ್ನು ಎಳೆದುಕೊಂಡವು. ಉಂಗುರದ ಬೆರಳು. ಅಷ್ಟೇ ಅವನಿಗೆ ಕಂಡದ್ದು.

ಬಾಗಿಲು ತೆರೆಯಲಿಲ್ಲ. ಚಪ್ಪಲಿ ಮತ್ತೆ ಮೈಕಿನ ಹತ್ತಿರ ಬಂತು. ಕೀಲಿಕೈಯನ್ನು ಫೌಜದಾರರ ಕೈಯಲ್ಲಿ ಕೊಡುವುದಾಗಿ, ಅವರು ಬಂದು ತೆಗೆಯುವುದಾಗಿ ಮಾಸ್ತರರು ತಿಳಿಸಿದರು. ಆ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಹೆಜ್ಜೆ ದೂರವಾಯಿತು. ಕಿರ್ ಮೊದಲು ಅಡಗಿತು, ಟಪ್ ಆಮೇಲೆ.

ಫೌಜದಾರ ಬರುವ ಮೊದಲು ಮಾಡಬೇಕಾದ ಕೆಲಸ ಒಂದೇ. ತೂತಿಗೆ ಮತ್ತೆ ರುಮಾಲು ತುರುಕಿ, ಕತ್ತಲು ಮಾಡಿಕೊಂಡು, ದನಿ ತುಂಬಿದ ಫಿಲ್ಮನ್ನು ಪೆಟ್ಟಿಗೆಯಿಂದ ತೆಗೆದು ಕರಿ ಕಾಗದದಲ್ಲಿ ಸುತ್ತಿದ. ಬಾಗಿಲ ಎಡಗಡೆ ಕಂಬಳಿಯ ಹೊಲಿಗೆಯನ್ನು ಗೇಣುದ್ದ ಬಿಚ್ಚಿ, ಮೂರನೆಯ ಪದರದ ಹಿಂದೆ ಇಳಿಸಿ, ಕೈಗೆ ಸಿಕ್ಕ ತಂತಿಯಿಂದ ಹೊಲಿದ. ಪೆಟ್ಟಿಗೆಗೆ ಹಳೆಯ ಕೆಟ್ಟ ಫಿಲ್ಮಿನ ತುಂಡೊಂದನ್ನು ಹಾಕಿ ಮುಚ್ಚಿದ. ಫ್ಯಾನು ಹಚ್ಚಿದ. ಬ್ಯಾಟರಿ ಇಳಿದಿತ್ತು; ರೆಕ್ಕೆ ನಾಲ್ಕು ಸುತ್ತು ತಿರುಗಿ ನಿಂತಿತು.

ಎಷ್ಟು ಹೊತ್ತು ಕಳೆಯಿತೋ. ರುಮಾಲು ಕಿತ್ತು, ನೆಲಕ್ಕೆ ಮಲಗಿ ಮೂಗನ್ನು ತಂತಿಯ ತೂತಿಗೆ ಇಟ್ಟುಕೊಂಡ. ನಾಲಿಗೆ ತೊಗಲಾಯಿತು. ತೆಂಗಿನಕಾಯಿಯೊಳಗಿನ ಇರುವೆಯ ಬಾಳು ಎನಿಸಿತು. ತನ್ನ ಕೈಯಾರೆ ಹೊಡೆಸಿದ ಕಂಬಳಿಯನ್ನು ಉಗುರಿನಿಂದ ಒಮ್ಮೆ ಗೀರಿದ.

ತಗಡು ಅದುರಿತು. ಬೆಳಕು ಕಣ್ಣಿಗೆ ಕೊಡಲಿಯಂತೆ ಬಿತ್ತು.

ಬಾಗಿಲಲ್ಲಿ ಫೌಜದಾರ ಬಸಗೊಂಡಪ್ಪ ನಿಂತಿದ್ದ. ಅವನ ಬೆರಳಿಗೆ ಕೆಂಪು ದಾರದ ಕೀಲಿಕೈ ಸುತ್ತಿತ್ತು. ಹಿಂದೆ ಪೊಲೀಸನಿಲ್ಲ, ಪಂಚರಿಲ್ಲ. ಕುಡಿಯಲು ನೀರಿನ ತಂಬಿಗೆ ಕೊಟ್ಟ. ಯಲಗೂರಪ್ಪ ಅರ್ಧ ಕುಡಿದು ಅರ್ಧ ಮೈಮೇಲೆ ಚೆಲ್ಲಿಕೊಂಡ. ಫೌಜದಾರ ಅಷ್ಟು ಹೊತ್ತು ಲಾರಿಯೊಳಗೆ ಕಣ್ಣಾಡಿಸುತ್ತಿದ್ದ. ಯಂತ್ರದ ತಲೆಯ ಮೇಲಿನ ಪೆಟ್ಟಿಗೆ ಏನು ಎಂದು ಕೇಳಿದ.

ಅದು ಫಿಲ್ಮಿನ ಪೆಟ್ಟಿಗೆ, ಬಿಸಿಲಿಗೆ ತೆಗೆಯಬ್ಯಾಡ್ರಿ, ಹಾಳಾಗುತ್ತದೆ ಎಂದು ಯಲಗೂರಪ್ಪ ಹೇಳಿದ. ಗಂಟಲು ನಡುಗಬೇಕಾದಷ್ಟೇ ನಡುಗಿತು.

ಫೌಜದಾರ ಪೆಟ್ಟಿಗೆಯನ್ನು ಕೆಳಗಿಳಿಸಿಕೊಂಡ. ಬಿಸಿಲಲ್ಲಿ ನಿಂತು, ಮುಚ್ಚಳ ತಿರುವಿ ತೆಗೆದು, ಒಳಗಿನ ಫಿಲ್ಮನ್ನು ಗಾಳಿಪಟದ ದಾರದಂತೆ ಮೊಳ ಮೊಳ ಎಳೆದು ನೆಲಕ್ಕೆ ಚೆಲ್ಲಿದ. ಕೊನೆಯ ಅಡಿ ಬರುವವರೆಗೆ ಎಳೆದ. ಆಮೇಲೆ ಅಂಗೈ ಝಾಡಿಸಿಕೊಂಡ.

"ಇನ್ನ ಏನೂ ಇಲ್ಲಲ್ಲ ನಿನ್ನ ಹಂತ್ಯಾಕ?"

"ಇಲ್ರಿ ಸಾಹೇಬ್ರ," ಎಂದ ಯಲಗೂರಪ್ಪ. ತಲೆ ತಗ್ಗಿಸಿದ. ಗೆದ್ದವನ ಕಣ್ಣು ಕಾಣಬಾರದೆಂದು ತಗ್ಗಿಸಿದ.

ಸಂಜಿಯ ಹೊತ್ತಿಗೆ ಜಿಲಾನಿ ಲಾರಿ ಹೊಡೆಯುತ್ತಾನೆ. ರಾತ್ರಿಯ ಗಾಡಿಗೆ ಕೊಲ್ಹಾಪುರದ ದಾರಿ. ಲ್ಯಾಬಿನಲ್ಲಿ ಅವನ ಕೈಕೆಳಗೆ ಕಲಿತ ಹುಡುಗರಿದ್ದರು. ಯಾರಿಗೂ ತಿಳಿಯದಂತೆ ಇನ್ನೂರು ಅಡಿ ತೊಳೆದುಕೊಟ್ಟಾರು. ಅಷ್ಟು ಲೆಕ್ಕ ಹಾಕುವಷ್ಟರಲ್ಲಿ ಟಿಕೋಟಾದ ಕಡೆಯಿಂದ ಹೆಗಲ ಮೇಲೆ ಪೆಟ್ರೋಲ್ ಡಬ್ಬಿ ಹೊತ್ತು ಜಿಲಾನಿ ನಡೆದು ಬರುವುದು ಕಾಣಿಸಿತು. ಯಲಗೂರಪ್ಪನಿಗೆ ಎದೆ ಹಗುರಾಯಿತು.

ಫೌಜದಾರನೂ ಅವನ ದಾರಿಯನ್ನೇ ಕಾಯುತ್ತಿದ್ದನೆಂದು ಆಗ ತಿಳಿಯಿತು.

"ಬಾರೋ ಜಿಲಾನಿ," ಎಂದ ಫೌಜದಾರ, ಮನೆಯ ಹಿರಿಯನ ದನಿಯಲ್ಲಿ. ಡಬ್ಬಿ ಇಳಿಸಲು ತಾನೇ ಕೈ ಕೊಟ್ಟ. ನಿನ್ನ ತಂಗಿಯ ವಿಷಯ ಹೊಸದಾಗಿ ತಿಳಿದುಬಂದಿದೆ ಎಂದ. ಆಕೆ ಸೀರೆ ನೋಡಿಕೊಳ್ಳುವವಳಲ್ಲ, ಕದ್ದು ಹಾಡುವವಳು; ಹಾಡಿನ ದಿನ ನಿನ್ನನ್ನು ಬೇಕೆಂದೇ ಊರಿಗೆ ಕಳಿಸುತ್ತಿದ್ದರು; ಅವತ್ತು ಭಾವಿಯ ಹತ್ತಿರ ಅವಳನ್ನು ನಿಲ್ಲಿಸಿದವನು ಈ ಸದ್ದಿನವನು, ಎಲ್ಲರೂ ಹೋದ ಮೇಲೆ ಇಲ್ಲಿ ಉಳಿದವನೂ ಇವನೇ; ಡೈರೆಕ್ಟರ್ ಸಾಹೇಬರು ಹಾಗೆಂದು ಬರೆದು ಕೊಟ್ಟಿದ್ದಾರೆ ಎಂದ. ನೆಲದ ಮೇಲೆ ಬಿಸಿಲಿಗೆ ಸುರುಳಿಗಟ್ಟುತ್ತಿದ್ದ ಫಿಲ್ಮನ್ನು ತೋರಿಸಿದ. ಪುರಾವೆ ಹಾಳು ಮಾಡಾಕತ್ತಿದ್ದ, ಕೈಯಾಗ ಸಿಕ್ಕ ಎಂದ.

ಪ್ರತಿಯೊಂದು ಮಾತಿನೊಳಗೂ ಒಂದು ಹಿಡಿ ಸತ್ಯವಿತ್ತು.

ಜಿಲಾನಿ ಫೌಜದಾರನ ಕಡೆ ನೋಡಲಿಲ್ಲ. ಮೂರು ವರ್ಷ ಒಂದೇ ತಾಟಿನಲ್ಲಿ ಉಂಡವನ ಕಡೆ ನೋಡಿದ. ಅವನ ಅಂಗಿಯ ಮೇಲೆ ಪೆಟ್ರೋಲಿನ ಕಲೆ ಹಬ್ಬುತ್ತಿತ್ತು.

"ಯಲಗೂರಣ್ಣಾ, ಅವತ್ತ ನಾ ಕೇಳಿದ್ನೆಲ್ಲ ನಿನಗ. ಗೊತ್ತಿಲ್ಲಪಾ ಅಂದಿ. ಈಗ ಹೇಳು. ನಮ್ಮ ಶಹಜಾದಿ ಭಾವಿ ಕಡೆ ಹಾಡಾಕ ಹೋಗಿದ್ಲೇನು? ಅದು ನಿನಗ ಗೊತ್ತಿತ್ತೇನು?"

ಯಲಗೂರಪ್ಪನ ನಾಲಿಗೆಯ ತುದಿಗೆ ಎಲ್ಲವೂ ಬಂತು. ಹಗ್ಗ, ಕಲ್ಲು, ಬಿಟ್ಟ ಕೈ. ಎರಡು ಮಾರು ದೂರದಲ್ಲಿ, ಕಂಬಳಿಯ ಹಿಂದೆ, ಮಾಸ್ತರರ ಸ್ವಂತ ದನಿ ಇದೆ ಎಂದು ಒಂದು ಮಾತು ಹೇಳಿದರೆ ಜಿಲಾನಿ ನಂಬುತ್ತಾನೆ. ಆದರೆ ಆ ಮಾತು ಕೇಳಿಸಿಕೊಳ್ಳಲು ಫೌಜದಾರನೂ ನಿಂತಿದ್ದ, ಕೀಲಿಕೈಯ ದಾರವನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ. ಬಿಸಿಲು ಇನ್ನೂ ಎರಡು ತಾಸು ಇತ್ತು. ಇನ್ನೂರು ಅಡಿ ಸಾಯಲು ಒಂದು ಕ್ಷಣ ಸಾಕು.

ಮತ್ತೆ ಸುಳ್ಳು ಹೇಳಲು ಅವನಿಂದ ಆಗಲಿಲ್ಲ.

"ಹೌದಪಾ," ಎಂದ. "ಗೊತ್ತಿತ್ತು."

ಫೌಜದಾರ ಎರಡು ಹೆಜ್ಜೆ ಹಿಂದೆ ಸರಿದು, ಭಾವಿಯ ಕಡೆ ಮುಖ ಮಾಡಿ ನಿಂತ.

ಜಿಲಾನಿ ಲಾರಿಯ ಮೂತಿಯ ಕಡೆ ನಡೆದು, ಎಂಜಿನ್ ತಿರುವುವ ಕಬ್ಬಿಣದ ಹ್ಯಾಂಡಲನ್ನು ಎರಡೂ ಕೈಯಿಂದ ಜಗ್ಗಿ ತೆಗೆದುಕೊಂಡು, ಯಲಗೂರಪ್ಪನತ್ತ ತಿರುಗಿದ.